ವೀಲ್‌ಚೇರ್ ಕ್ರೀಡಾಪಟುವಿಗೆ ಸನ್ಮಾನ: ರ‍್ಯಾಂಪಿನಿಂದ ಅಭಿನಂದನಾ ಪತ್ರದವರೆಗೆ

2000ದ ಡಿಸೆಂಬರ್‌ನಲ್ಲಿ ಬಿಬಿಸಿಯ ವರ್ಷದ ಕ್ರೀಡಾ ವ್ಯಕ್ತಿ ಪ್ರಶಸ್ತಿ ಸಮಾರಂಭ ನಡೆಯಿತು. ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದು ಬಂದಿದ್ದ ಬ್ರಿಟನ್ನಿನ ವೀಲ್‌ಚೇರ್ ಓಟಗಾರ್ತಿ ಟ್ಯಾನಿ ಗ್ರೇ-ಥಾಮ್ಸನ್ ಅವರಿಗೆ ಮೂರನೇ ಸ್ಥಾನ ಬಂತು. ವೇದಿಕೆಗೆ ರ‍್ಯಾಂಪ್ ಇರಲಿಲ್ಲ. ಹಾಗಾಗಿ ಅವರು ಕೆಳಗೆ ಕುಳಿತಲ್ಲೇ ಪ್ರಶಸ್ತಿ ತೆಗೆದುಕೊಳ್ಳಬೇಕಾಯಿತು. ಹಣವಿತ್ತು, ಅನುಭವವಿತ್ತು, ಕ್ಯಾಮೆರಾಗಳಿದ್ದವು. ವಿಜೇತರು ವೇದಿಕೆಗೆ ಹೇಗೆ ಬರುತ್ತಾರೆ ಎಂದು ಮೊದಲೇ ಕೇಳಿದವರು ಮಾತ್ರ ಇರಲಿಲ್ಲ.

ಇಂಥ ಸನ್ಮಾನಗಳು ಕೆಡುವುದು ಎರಡು ಕಡೆ: ನೆಲದಲ್ಲಿ ಮತ್ತು ಕಾಗದದಲ್ಲಿ. ಸಾಧಕರು ತಮ್ಮ ಕೈಯಾರೆ ಗಾಲಿ ತಳ್ಳಿಕೊಂಡು ಎಲ್ಲರ ಮುಂದೆ ಬರುವಂತಿರಬೇಕು, ಮತ್ತು ಅವರ ಸಾಧನೆಯನ್ನು ಅದರ ನಿಜವಾದ ಅಳತೆಯಲ್ಲಿ ಹೇಳಬೇಕು. ಇವೆರಡು ಸರಿಯಾದರೆ ಹೂವು, ದೀಪ, ಬ್ಯಾನರ್‌ಗಳಲ್ಲಿ ಸ್ವಲ್ಪ ಕೊರತೆ ಇದ್ದರೂ ನಡೆಯುತ್ತದೆ.

ಮೊದಲು ಅವರನ್ನೇ ಕೇಳಿ

ಸಭಾಂಗಣ ಗೊತ್ತುಮಾಡುವ ಮೊದಲು, ಕಡೇಪಕ್ಷ ಆರು ವಾರ ಮುಂಚೆ, ಸಾಧಕರ ಜೊತೆಗೇ ನೇರವಾಗಿ ಮಾತನಾಡಿ. ತರಬೇತುದಾರರ ಮೂಲಕವೋ ಮನೆಯವರ ಮೂಲಕವೋ ಅಲ್ಲ. ದಿನಾಂಕವನ್ನು ಅವರ ಸ್ಪರ್ಧಾ ವೇಳಾಪಟ್ಟಿ ನೋಡಿ ಇಡಬೇಕು. ದೊಡ್ಡ ಕೂಟಕ್ಕೆ ಮೂರು ವಾರ ಇರುವಾಗ ಅರ್ಧ ದಿನದ ಸಮಾರಂಭಕ್ಕೆ ಕರೆಯುವುದೆಂದರೆ ಅವರ ಅಭ್ಯಾಸವನ್ನು ಕೆಡಿಸಿದಂತೆ.

ಕೇಳಬೇಕಾದ ವಿಷಯಗಳು ಇವು. ದಿನಬಳಕೆಯ ವೀಲ್‌ಚೇರ್‌ನ ಒಟ್ಟು ಅಗಲ ಎಷ್ಟು, ಅದು ಕೈಯಿಂದ ತಳ್ಳುವುದೋ ಮೋಟಾರಿನದೋ? ವೇದಿಕೆಯಲ್ಲಿ ತಮ್ಮ ಕುರ್ಚಿಯಲ್ಲೇ ಇರುತ್ತಾರೋ, ಸೋಫಾಕ್ಕೆ ಬದಲಾಯಿಸಿಕೊಳ್ಳುತ್ತಾರೋ? ಬಹುತೇಕರು ತಮ್ಮದರಲ್ಲೇ ಇರಲು ಬಯಸುತ್ತಾರೆ. ಕೈಹಿಡಿತ ಹೇಗಿದೆ? ಒಂದೇ ಕಡೆ ಎಷ್ಟು ಹೊತ್ತು ಕೂರಬಹುದು? ಜೊತೆಗೆ ಯಾರು ಬರುತ್ತಾರೆ? ತಮ್ಮ ಸಾಧನೆಗಳಲ್ಲಿ ಯಾವುದನ್ನು ದೊಡ್ಡದೆಂದು ಅವರೇ ಭಾವಿಸುತ್ತಾರೆ? ಗಾಯ ಅಥವಾ ಕಾಯಿಲೆಯ ವಿಷಯವನ್ನು ವೇದಿಕೆಯಲ್ಲಿ ಎತ್ತಬಹುದೇ, ಎತ್ತುವುದಾದರೆ ಯಾವ ಪದ ಬಳಸಬೇಕು?

ಕೊನೆಯ ಎರಡು ಪ್ರಶ್ನೆಗಳಿಗೆ ಬಂದ ಉತ್ತರವನ್ನು ಹಾಗೆ ಹಾಗೇ ಬರೆದುಕೊಂಡು ನಿರೂಪಕರಿಗೂ ಭಾಷಣಕಾರರಿಗೂ ಕೊಡಿ. ಜನರು ಪದಕದ ಲೆಕ್ಕ ಹಾಕುತ್ತಾರೆ. ಸಾಧಕರಿಗೆ ಮಾತ್ರ ನಾಲ್ಕನೇ ಸ್ಥಾನ ಬಂದ ಒಂದು ಓಟ ಎಲ್ಲಕ್ಕಿಂತ ಹೆಚ್ಚಿನದಾಗಿರಬಹುದು, ಅಂದು ಅವರು ತಮ್ಮ ಜೀವಮಾನದ ಅತ್ಯುತ್ತಮ ಸಮಯ ದಾಖಲಿಸಿರುತ್ತಾರೆ.

ಸಾಧನೆಯ ದಾಖಲೆ ಸಿದ್ಧಪಡಿಸುವುದು

ಹೆಚ್ಚು ತಪ್ಪುಗಳಾಗುವುದು ಇಲ್ಲಿ. ‘ವಿಶ್ವ ಚಾಂಪಿಯನ್’, ‘ದಾಖಲೆ ವೀರ’ ಎಂದಷ್ಟೇ ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ಪ್ರತಿ ಸಾಧನೆಗೂ ಆರು ಅಂಶಗಳಿರಲಿ: ಸ್ಪರ್ಧೆ, ವರ್ಗ, ಕೂಟದ ಹೆಸರು, ಊರು ಮತ್ತು ವರ್ಷ, ಸಮಯ ಅಥವಾ ದೂರ, ಸ್ಥಾನ. ಆರರಲ್ಲಿ ಯಾವುದು ಸಿಗದಿದ್ದರೂ ಕೂಟದ ಅಧಿಕೃತ ಫಲಿತಾಂಶ ಪಟ್ಟಿ ನೋಡಿ. ಪತ್ರಿಕೆಯ ತುಣುಕು ಸಾಲದು.

ವರ್ಗವೆಂದರೆ ದೇಹದ ಮಿತಿ ಎಷ್ಟೆಂದು ನೋಡಿ ಸ್ಪರ್ಧಿಗಳನ್ನು ವಿಂಗಡಿಸುವ ಗುಂಪು. ಅದರ ಅರ್ಥ ಗೊತ್ತಿಲ್ಲದೆ ಈ ಕ್ರೀಡೆಯನ್ನು ಹೊಗಳಲು ಬರುವುದಿಲ್ಲ. ಟ್ರ್ಯಾಕ್ ಮತ್ತು ರಸ್ತೆ ಓಟದಲ್ಲಿ ಬೆನ್ನುಹುರಿಯ ಪೆಟ್ಟು, ಕಾಲು ಇಲ್ಲದಿರುವುದು ಮುಂತಾದ ಕಾರಣದಿಂದ ಕುಳಿತು ಓಡುವವರಿಗೆ ಟಿ51ರಿಂದ ಟಿ54ರವರೆಗೆ ನಾಲ್ಕು ವರ್ಗಗಳಿವೆ. 51 ಮತ್ತು 52ರಲ್ಲಿ ತೋಳು, ಕೈಗಳ ಬಲಕ್ಕೂ ಮಿತಿಯಿರುತ್ತದೆ. 53ರಲ್ಲಿ ತೋಳು ಪೂರ್ತಿ ಬಲವಾಗಿರುತ್ತದೆ, ಆದರೆ ಹೊಟ್ಟೆ-ಬೆನ್ನಿನ ಸ್ನಾಯುಗಳು ನೆರವಿಗೆ ಬರುವುದಿಲ್ಲ. 54ರಲ್ಲಿ ಮುಂಡದ ಬಲ ಭಾಗಶಃ ಅಥವಾ ಪೂರ್ತಿ ಇರುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ವೀಲ್‌ಚೇರ್ ಓಟಗಾರರ ವರ್ಗಗಳು ಟಿ32ರಿಂದ ಟಿ34ರವರೆಗೆ. ಕುಳಿತು ಎಸೆಯುವವರಲ್ಲಿ ಎಫ್51ರಿಂದ ಎಫ್57ರವರೆಗೂ ಇವೆ. ಟಿ52ರ ಸಮಯವನ್ನು ಟಿ54ರ ಸಮಯದ ಪಕ್ಕ ಇಟ್ಟು ‘ಕಡಿಮೆ’ ಎನ್ನುವುದು ತಪ್ಪು. ವರ್ಗವನ್ನೇ ಬಿಟ್ಟು ಸಮಯವನ್ನಷ್ಟೇ ಓದಿದರೆ ಕೇಳುವವರು ಆ ತಪ್ಪನ್ನೇ ಮಾಡುತ್ತಾರೆ.

ಬೇರೆ ಆಟಗಳಲ್ಲಿ ಲೆಕ್ಕವೇ ಬೇರೆ. ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ಆಟಗಾರರಿಗೂ 1.0ರಿಂದ 4.5ರವರೆಗೆ ವರ್ಗದ ಅಂಕವಿದೆ, ದೇಹದ ಮಿತಿ ಹೆಚ್ಚಿದ್ದಷ್ಟೂ ಅಂಕ ಕಡಿಮೆ. ಅಂಕಣದಲ್ಲಿರುವ ಐವರದು ಸೇರಿ 14 ದಾಟುವಂತಿಲ್ಲ. ಹಾಗಾಗಿ 1.0 ಅಂಕದ ಆಟಗಾರ್ತಿ ಎದುರಾಳಿಗೆ ಅಡ್ಡನಿಂತು ದಾರಿ ಬಿಡಿಸಿಕೊಡುವ ಕೆಲಸ ಮಾಡಿರುತ್ತಾರೆ, ಬುಟ್ಟಿಗೆ ಹಾಕಿದ ಚೆಂಡಿನ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ವೀಲ್‌ಚೇರ್ ರಗ್ಬಿಯಲ್ಲಿ ಅಂಕ 0.5ರಿಂದ 3.5, ನಾಲ್ವರ ಮಿತಿ 8. ಟೆನಿಸ್‌ನಲ್ಲಿ ಚೆಂಡು ಎರಡು ಸಲ ಪುಟಿಯಬಹುದು, ಎರಡನೆಯದು ಅಂಕಣದ ಹೊರಗಾದರೂ ಸರಿ. ನೆದರ್ಲೆಂಡ್ಸಿನ ವೀಲ್‌ಚೇರ್ ಟೆನಿಸ್ ಆಟಗಾರ್ತಿ ಎಸ್ತರ್ ವರ್ಗೀರ್ ಸತತ 470 ಸಿಂಗಲ್ಸ್ ಪಂದ್ಯ ಗೆದ್ದು 2013ರಲ್ಲಿ ನಿವೃತ್ತರಾದರು. ಅಂಥ ಸಾಧನೆಗೆ ಗುಣವಾಚಕ ಬೇಕಿಲ್ಲ, ಸಂಖ್ಯೆಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು.

‘ವಿಶ್ವದಾಖಲೆ’ ಎಂಬ ಪದವನ್ನು ಕೈಬಿಗಿ ಹಿಡಿದು ಬಳಸಿ. ಸ್ವಿಟ್ಜರ್ಲೆಂಡಿನ ವೀಲ್‌ಚೇರ್ ಓಟಗಾರ ಮಾರ್ಸೆಲ್ ಹುಗ್ 2024ರ ಬಾಸ್ಟನ್ ಮ್ಯಾರಥಾನ್ ಅನ್ನು 1 ಗಂಟೆ 15 ನಿಮಿಷ 33 ಸೆಕೆಂಡಿನಲ್ಲಿ ಮುಗಿಸಿದರು. 2021ರಲ್ಲಿ ಜಪಾನಿನ ಒಯಿಟಾದಲ್ಲಿ ಅವರ ಸಮಯ 1:17:47. ಆದರೂ ವಿಶ್ವದಾಖಲೆಯಾಗಿದ್ದು ಒಯಿಟಾದ್ದು. ಬಾಸ್ಟನ್ ಓಟ ಹೊರಟ ಕಡೆಯಿಂದ ದೂರದ ಇನ್ನೊಂದು ಕಡೆ ಮುಗಿಯುತ್ತದೆ, ಒಟ್ಟಾರೆ ಸುಮಾರು 140 ಮೀಟರ್ ಕೆಳಗಿಳಿಯುತ್ತದೆ. ದಾಖಲೆಗೆ ಕಿಲೋಮೀಟರಿಗೆ ಒಂದು ಮೀಟರಿನಷ್ಟು ಇಳಿತವನ್ನಷ್ಟೇ ಒಪ್ಪುತ್ತಾರೆ. ಆದ್ದರಿಂದ ಅಲ್ಲಿನ ಸಮಯಕ್ಕೆ ‘ಕೂಟ ದಾಖಲೆ’ ಎಂದೇ ಬರೆಯಬೇಕು. ಒಯಿಟಾದ ಸಮಯಕ್ಕೆ ಎಷ್ಟು ತೂಕವೆಂದು ಹೇಳಬೇಕಿದ್ದರೆ ಹೈಂಜ್ ಫ್ರೈ 1999ರಲ್ಲಿ ಅದೇ ರಸ್ತೆಯಲ್ಲಿ ಮಾಡಿದ 1:20:14 ಇಪ್ಪತ್ತೆರಡು ವರ್ಷ ಅಲುಗದೆ ನಿಂತಿತ್ತು ಎನ್ನಿ, ಕ್ರೀಡೆ ಬಲ್ಲವರಿಗೂ ಬಲ್ಲದವರಿಗೂ ತಿಳಿಯುತ್ತದೆ.

ಕಾಲಲ್ಲಿ ಓಡುವವರ ಸಮಯದೊಂದಿಗೆ ಹೋಲಿಸುವುದು ಬೇಡ. ಮ್ಯಾರಥಾನ್‌ನಲ್ಲಿ ವೀಲ್‌ಚೇರ್ ಓಟಗಾರರು ಮುಂಚೆಯೇ ಮುಟ್ಟುತ್ತಾರೆ ನಿಜ, ಆದರೆ ಅದು ಬೇರೆಯೇ ಕ್ರೀಡೆ. ಪ್ಯಾರಾಲಿಂಪಿಕ್ಸ್ ಅನ್ನು ಸ್ಪೆಷಲ್ ಒಲಿಂಪಿಕ್ಸ್ ಎಂದು ಕರೆದುಬಿಡುವುದು ಇನ್ನೊಂದು ತಪ್ಪು. ಎರಡನೆಯದು ಬೌದ್ಧಿಕ ಸವಾಲು ಇರುವವರಿಗಾಗಿ ಇರುವ ಬೇರೆ ಸಂಘಟನೆ. ನಿರೂಪಕರ ಹಾಳೆಯಲ್ಲಿ ಇದನ್ನು ಕೆಂಪು ಶಾಯಿಯಲ್ಲಿ ಬರೆದಿಡಿ.

ಅಭಿನಂದನಾ ಪತ್ರ 150ರಿಂದ 200 ಪದಗಳಲ್ಲಿ ಮುಗಿಯಲಿ. ಮೊದಲ ವಾಕ್ಯದಲ್ಲೇ ಸಾಧನೆ ಬರಬೇಕು, ಅಪಘಾತವಲ್ಲ. ಎರಡನೇ ಭಾಗದಲ್ಲಿ ಆ ಸಾಧನೆಗೆ ಏನು ಬೇಕಾಯಿತು ಎಂಬುದರ ಒಂದು ನಿಖರ ವಿವರವಿರಲಿ. ಉದಾಹರಣೆಗೆ, ಓಟದ ಕುರ್ಚಿಗೆ ಗೇರ್ ಇಡುವಂತಿಲ್ಲ. ಪ್ರತಿ ದೊಡ್ಡ ಗಾಲಿಗೆ ಒಂದೇ ಒಂದು ತಳ್ಳುಬಳೆ, ಅಂದರೆ ಪುಷ್ ರಿಮ್. ಗಟ್ಟಿ ಅಚ್ಚಿನ ಕೈಗವಸು ತೊಟ್ಟ ಮುಷ್ಟಿಯಿಂದ ಆ ಬಳೆಗೆ ಮೇಲಿಂದ ಹೊಡೆದು, ಕೆಳಗಿನವರೆಗೆ ಒತ್ತಿ ತಂದು, ಬಿಟ್ಟು, ಮತ್ತೆ ಮೇಲೆತ್ತಬೇಕು. ಟ್ರ್ಯಾಕಿನ ತಿರುವು ಬಂದಾಗ ಮುಂದಿನ ಗಾಲಿಗೆ ಜೋಡಿಸಿದ ಕಾಂಪೆನ್ಸೇಟರ್ ಎಂಬ ಸಣ್ಣ ಸನ್ನೆಕೋಲನ್ನು ಒಂದೇ ಏಟಿಗೆ ಬದಿಗೆ ತಳ್ಳುತ್ತಾರೆ. ಗಾಲಿ ತಿರುವಿನ ಕೋನಕ್ಕೆ ನಿಲ್ಲುತ್ತದೆ, ಎರಡೂ ಕೈ ಮತ್ತೆ ಬಳೆಯ ಮೇಲಿರುತ್ತವೆ. ನೇರ ದಾರಿ ಬರುತ್ತಲೇ ಇನ್ನೊಂದು ಏಟು. ಆ ಏಟಿನ ಹೊತ್ತು ಅರೆಕ್ಷಣ ತಪ್ಪಿದರೂ ಕುರ್ಚಿ ಪಕ್ಕದವರ ದಾರಿಗೆ ಹೋಗುತ್ತದೆ. ‘ಅದಮ್ಯ ಚೇತನ’ ಎಂಬ ಹತ್ತು ಮಾತುಗಳಿಗಿಂತ ಈ ಒಂದು ವಿವರ ಸಾಧಕರಿಗೆ ಹೆಚ್ಚು ಗೌರವ ತರುತ್ತದೆ.

‘ವೀಲ್‌ಚೇರ್‌ಗೆ ಸೀಮಿತರಾದ’, ‘ವಿಧಿಯ ಆಟಕ್ಕೆ ಸಿಲುಕಿದ’, ‘ನಮ್ಮೆಲ್ಲರನ್ನೂ ನಾಚಿಸುವ’ ಎಂಬ ಮಾತುಗಳು ಕರಡಿನಲ್ಲಿದ್ದರೆ ಹೊಡೆದುಹಾಕಿ. ಬರೆದು ಮುಗಿದ ಮೇಲೆ ಪತ್ರವನ್ನು ಸಾಧಕರಿಗೆ ಕಳಿಸಿ ಒಪ್ಪಿಗೆ ಪಡೆಯಿರಿ. ಇದರಲ್ಲಿ ಅಚ್ಚರಿಗೊಳಿಸುವ ಆಸೆ ಬೇಡ.

ನೆಲ, ರ‍್ಯಾಂಪ್, ವೇದಿಕೆ

ಎಲ್ಲಕ್ಕಿಂತ ಒಳ್ಳೆಯ ವೇದಿಕೆ ಎಂದರೆ ವೇದಿಕೆಯೇ ಇಲ್ಲದಿರುವುದು. ಇನ್ನೂರು ಜನರೊಳಗಿನ ಸಭೆಯಾದರೆ ಸಮತಟ್ಟಾದ ನೆಲದಲ್ಲೇ ಕಾರ್ಯಕ್ರಮ ಮಾಡಿ, ಕುರ್ಚಿಗಳನ್ನು ಅರ್ಧವೃತ್ತದಲ್ಲಿ ಹಾಕಿ. ಎತ್ತರ ಬೇಕೇ ಬೇಕೆಂದರೆ 30 ಸೆಂ.ಮೀ.ಗೆ ನಿಲ್ಲಿಸಿ.

ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಎತ್ತರದ ಪ್ರತಿ ಸೆಂಟಿಮೀಟರಿಗೆ ಹನ್ನೆರಡು ಸೆಂಟಿಮೀಟರ್ ಉದ್ದ ಎಂದರ್ಥ. 30 ಸೆಂ.ಮೀ. ವೇದಿಕೆಗೆ 3.6 ಮೀಟರ್, 60ಕ್ಕೆ 7.2 ಮೀಟರ್, 90ಕ್ಕೆ 10.8 ಮೀಟರ್ ಬೇಕು. ಏರಿಕೆ 75 ಸೆಂ.ಮೀ. ದಾಟಿದರೆ ನಡುವೆ ಒಂದೂವರೆ ಮೀಟರಿನ ಸಮತಟ್ಟು ಜಾಗವೂ ಬೇಕು. ಈ ಲೆಕ್ಕವನ್ನು ಸಭಾಂಗಣ ನೋಡಲು ಹೋದಾಗಲೇ ಟೇಪು ಹಿಡಿದು ಮಾಡಿ. ಸಾಮಾನು ಸಾಗಿಸುವ ಹಲಗೆಯನ್ನು ಮೆಟ್ಟಿಲ ಮೇಲೆ ಒರಗಿಸಿ ‘ರ‍್ಯಾಂಪ್ ಇದೆ’ ಎನ್ನುವವರು ಎಲ್ಲೆಡೆ ಸಿಗುತ್ತಾರೆ. ಎರಡು ಮೀಟರಿನ ಹಲಗೆ 60 ಸೆಂ.ಮೀ. ಎತ್ತರಕ್ಕೆ ಒರಗಿದರೆ ಇಳಿಜಾರು ಸುಮಾರು 1:3 ಆಗುತ್ತದೆ. ಅದರಲ್ಲಿ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಕೈಗೆ ಹಿಡಿತ ಸಿಗುವುದಿಲ್ಲ. ವಿಶ್ವಮಟ್ಟದ ತೋಳುಬಲ ಇದ್ದವರಿಗೂ ಇದು ಅಪಾಯ. ಕುರ್ಚಿ ಮಗುಚುವುದು ತೂಕ ಹಿಂದಿನ ಗಾಲಿಯ ಅಚ್ಚಿನ ಆಚೆ ಜಾರುವುದರಿಂದ, ತೋಳಿಗೆ ಬಲ ಸಾಲದ್ದರಿಂದಲ್ಲ.

ಅಗಲ ಕನಿಷ್ಠ 90 ಸೆಂ.ಮೀ., 120 ಇದ್ದರೆ ನಿಶ್ಚಿಂತೆ. ಎರಡೂ ಬದಿಗೆ 5ರಿಂದ 10 ಸೆಂ.ಮೀ. ಎತ್ತರದ ಅಂಚುಪಟ್ಟಿ ಹೊಡೆಸಿ, ಮುಂಗಾಲಿ ಜಾರಿ ಹೊರಗೆ ಹೋಗದಿರಲು ಅದು ಬೇಕು. ಸುಮಾರು 90 ಸೆಂ.ಮೀ. ಎತ್ತರದಲ್ಲಿ ಕೈಹಿಡಿ ಇರಲಿ. ಕೆಳಗೂ ಮೇಲೂ 150×150 ಸೆಂ.ಮೀ. ಸಮತಟ್ಟು ಜಾಗ ಬಿಡಿ. ರ‍್ಯಾಂಪ್ ಮೇಲಕ್ಕೆ ಮುಟ್ಟುವಲ್ಲಿಯೇ ಮೇಜು ಹಾಕಿ ತಿರುಗಲು ಜಾಗವಿಲ್ಲದಂತೆ ಮಾಡುವುದು ತೀರಾ ಸಾಮಾನ್ಯ. ಹಲಗೆ ಮತ್ತು ನೆಲ ಸೇರುವ ಕಡೆ ಒಂದು ಸೆಂಟಿಮೀಟರಿಗಿಂತ ಹೆಚ್ಚಿನ ತುಟಿ ಉಳಿಯಬಾರದು, ದಿನಬಳಕೆ ಕುರ್ಚಿಯ ಮುಂದಿನ ಪುಟ್ಟ ಗಾಲಿ ಅಷ್ಟಕ್ಕೇ ತಡೆದು ನಿಲ್ಲುತ್ತದೆ. ದಪ್ಪ ಜಮಖಾನ ಹಾಸಬೇಡಿ, ಅದರ ಮೇಲೆ ಗಾಲಿ ತಳ್ಳುವುದು ಮರಳಲ್ಲಿ ತಳ್ಳಿದಂತೆ. ಹಾಸಲೇಬೇಕಾದರೆ ತೆಳುವಾದದ್ದನ್ನು ಅಂಚಿನುದ್ದಕ್ಕೂ ಟೇಪು ಹಚ್ಚಿ ಬಿಗಿಮಾಡಿ. ಕೇಬಲ್‌ಗಳನ್ನು ದಾರಿಗೆ ಅಡ್ಡ ಎಳೆಯದೆ ಹಿಂಬದಿಯಿಂದ ತನ್ನಿ.

ಕೈಯಿಂದ ತಳ್ಳುವ ಕುರ್ಚಿಯಾದರೆ ರ‍್ಯಾಂಪ್ 300 ಕೆ.ಜಿ. ತಡೆಯುವಂತಿರಲಿ. ಬೋಚಾ (ಗುರಿಚೆಂಡಿನ ಹತ್ತಿರಕ್ಕೆ ಚೆಂಡು ಎಸೆಯುವ ಆಟ) ಆಟಗಾರರಂತೆ ಮೋಟಾರು ಕುರ್ಚಿ ಬಳಸುವವರಾದರೆ ಕುರ್ಚಿಯೇ ನೂರು ಕೆ.ಜಿ. ಮೀರುವುದುಂಟು, ಆಗ ಇನ್ನೂ ಗಟ್ಟಿ ಚೌಕಟ್ಟು ಬೇಕು. ಹಿಂದಿನ ದಿನ ಒಂದು ಕುರ್ಚಿ ತರಿಸಿ, ಒಬ್ಬರನ್ನು ಕೂರಿಸಿ, ವಾಹನ ನಿಲ್ಲುವ ಜಾಗದಿಂದ ವೇದಿಕೆಯವರೆಗೆ, ಅಲ್ಲಿಂದ ಶೌಚಾಲಯದವರೆಗೆ ತಳ್ಳಿಸಿ ನೋಡಿ. ಎಲ್ಲಿ ತಡೆಯಿತು ಎಂದು ಆಗಲೇ ಗೊತ್ತಾಗುತ್ತದೆ. ವಾಹನದ ಬದಿಯಲ್ಲಿ ಕುರ್ಚಿ ಇಳಿಸಿ ಕೂರಲು ಜಾಗ ಬೇಕು, ಒಟ್ಟು 3.5 ಮೀಟರ್ ಅಗಲದ ನಿಲುಗಡೆ ಕಾದಿರಿಸಿ. ಬಾಗಿಲುಗಳು ತೆರೆದಾಗ ಒಳಗಿನ ಅಂತರ 80 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಬೇರೆ ಜಾಗ ನೋಡುವುದೇ ವಾಸಿ.

‘ನಾಲ್ಕು ಜನ ಹಿಡಿದು ಎತ್ತಿಬಿಡೋಣ’ ಎಂಬ ಮಾತು ಸಂಘಟಕರ ಬಾಯಲ್ಲಿ ಬಂದರೆ ಅಲ್ಲೇ ತಡೆಯಿರಿ. ಎತ್ತುವಾಗ ಕೈ ಜಾರಿ ಬಿದ್ದರೆ ಒಂದು ಇಡೀ ಋತುವಿನ ಸ್ಪರ್ಧೆಗಳು ಹೋಗುತ್ತವೆ. ಬೀಳದಿದ್ದರೂ ಸಾವಿರ ಜನರ ಮುಂದೆ ಒಬ್ಬ ಚಾಂಪಿಯನ್‌ರನ್ನು ಮೂಟೆಯಂತೆ ಸಾಗಿಸಿದ ಚಿತ್ರ ಉಳಿಯುತ್ತದೆ.

ಮೈಕು, ಮೇಜು, ಬೆಳಕು

ನಿಂತು ಮಾತನಾಡುವವರ ಪೀಠದ ಹಿಂದೆ ಕುಳಿತವರ ಮುಖ ಕಾಣುವುದಿಲ್ಲ. ಪೀಠ ಬೇಡವೇ ಬೇಡ. ಕುಳಿತವರ ಬಾಯಿ ನೆಲದಿಂದ ಸುಮಾರು 1.1 ಮೀಟರ್ ಎತ್ತರದಲ್ಲಿರುತ್ತದೆ, ಅದಕ್ಕೆ ಹೊಂದುವ ಓರೆ ತೋಳಿನ ಸ್ಟ್ಯಾಂಡ್ ಇಡಿ ಅಥವಾ ಕೊರಳಪಟ್ಟಿಗೆ ಸಿಕ್ಕಿಸುವ ಮೈಕು ಕೊಡಿ. ಕೈಮೈಕು ಕೊಟ್ಟರೆ ಒಂದು ಕೈ ಅದಕ್ಕೇ ಹೋಗುತ್ತದೆ, ಗಾಲಿ ತಿರುಗಿಸಲು ಎರಡೂ ಕೈ ಬೇಕು. ಮೇಜಿನ ಕೆಳಗೆ ಮೊಣಕಾಲಿಗೆ 70 ಸೆಂ.ಮೀ. ಎತ್ತರದ ಜಾಗವಿರಲಿ.

ಫೋಟೊಗ್ರಾಫರ್ ಕುಳಿತು ಅಥವಾ ಮಂಡಿಯೂರಿ, ಸಾಧಕರ ಕಣ್ಣಿನ ಮಟ್ಟದಿಂದ ತೆಗೆಯಬೇಕು. ಗಣ್ಯರೆಲ್ಲ ಸುತ್ತ ನಿಂತರೆ ಅವರ ನೆರಳು ಸಾಧಕರ ಮುಖದ ಮೇಲೇ ಬೀಳುತ್ತದೆ. ಅವರೂ ಕುಳಿತೇ ಪ್ರಶಸ್ತಿ ಕೊಡಲಿ, ಚಿತ್ರವೂ ಚೆನ್ನಾಗಿ ಬರುತ್ತದೆ.

ಕೈಗೆ ಏನು ಕೊಡುವುದು

ಎರಡೂ ಕೈ ತಳ್ಳುಬಳೆಯ ಮೇಲಿರುವವರಿಗೆ ಟ್ರೋಫಿ ಹಿಡಿದುಕೊಂಡು ಸರಿಯಲು ಆಗುವುದಿಲ್ಲ. ಒಂದು ಕೆ.ಜಿ.ಯೊಳಗಿನ, ಚಪ್ಪಟೆ ತಳದ, ಚೂಪು ಮೂಲೆಗಳಿಲ್ಲದ ಸ್ಮರಣಿಕೆ ಮಾಡಿಸಿ. ಬೆನ್ನುಹುರಿಗೆ ಪೆಟ್ಟಾದ ಅನೇಕರಿಗೆ ತೊಡೆಯಲ್ಲಿ ಸ್ಪರ್ಶಜ್ಞಾನ ಇರುವುದಿಲ್ಲ. ಭಾರದ ಗಾಜಿನ ಫಲಕವನ್ನು ತೊಡೆಯ ಮೇಲಿಟ್ಟರೆ ಅದರ ಅಂಚು ಚರ್ಮ ಕೊಯ್ದರೂ, ಬಿಸಿಲಿಗೆ ಕಾದ ಲೋಹ ಸುಟ್ಟರೂ ಅವರಿಗೆ ಗೊತ್ತಾಗದು, ಗಾಯ ವಾಸಿಯಾಗುವುದೂ ನಿಧಾನ. ಕೈಹಿಡಿತ ಕಡಿಮೆ ಇರುವವರಿಗೆ ಅಂಗೈ ಸುತ್ತಿ ಹಿಡಿಯಬಹುದಾದ ನಾಲ್ಕೈದು ಸೆಂ.ಮೀ. ದಪ್ಪದ ಹಿಡಿ ಇದ್ದರೆ ಅನುಕೂಲ. ಕೊಟ್ಟು, ಚಿತ್ರ ತೆಗೆದ ಮೇಲೆ ಒಬ್ಬ ಕಾರ್ಯಕರ್ತರು ಕೇಳಿಯೇ ಅದನ್ನು ತೆಗೆದುಕೊಂಡು ಮೇಜಿನ ಮೇಲಿಡಲಿ. ಹೆಗಲಿಂದ ಇಳಿಬೀಳುವ ಉದ್ದ ಬಟ್ಟೆಯಾಗಲಿ ರಿಬ್ಬನ್ನಾಗಲಿ ಬೇಡ. ಗಾಲಿಯ ಕಡ್ಡಿಗೆ ಸಿಕ್ಕಿಕೊಂಡರೆ ಕೊರಳು ಎಳೆಯುತ್ತದೆ.

ಹಣ ಕೊಡುವುದಾದರೆ ಅದೇ ಮಟ್ಟದ ನಿಂತು ಓಡುವ ಕ್ರೀಡಾಪಟುವಿಗೆ ಕೊಡುವಷ್ಟೇ ಕೊಡಿ. ಲಂಡನ್ ಮ್ಯಾರಥಾನ್ 2024ರಿಂದ ಎರಡೂ ವಿಭಾಗಗಳ ಬಹುಮಾನದ ಮೊತ್ತವನ್ನು ಸಮಮಾಡಿದೆ. ಹೊಸ ಓಟದ ಕುರ್ಚಿಯನ್ನೇ ಕೊಡುವ ಉತ್ಸಾಹವಿದ್ದರೆ ಸ್ವಲ್ಪ ನಿಲ್ಲಿ. ಅದನ್ನು ಸೊಂಟದ ಅಗಲ, ತೊಡೆಯ ಉದ್ದ, ತೋಳಿನ ಉದ್ದ ನೋಡಿ ಒಬ್ಬರಿಗೆಂದೇ ಕಟ್ಟುತ್ತಾರೆ. ಅಳತೆಯಿಲ್ಲದೆ ತಂದದ್ದು ಮೂಲೆ ಸೇರುತ್ತದೆ. ಟೈರು, ಕೈಗವಸು, ಪ್ರಯಾಣ, ಕುರ್ಚಿ ಸಾಗಣೆ ಇವುಗಳ ಒಂದು ವರ್ಷದ ಖರ್ಚು ವಹಿಸಿಕೊಳ್ಳುವುದು ಅದಕ್ಕಿಂತ ಉಪಯುಕ್ತ.

ಓಟದ ಕುರ್ಚಿಯನ್ನು ಪ್ರದರ್ಶನಕ್ಕಿಡಲು ಅವರು ಒಪ್ಪಿದರೆ ಎರಡು ಮೀಟರ್ ಉದ್ದದ ಜಾಗ, ಗಾಲಿಗೆ ತಡೆಗಟ್ಟು, ಸುತ್ತ ಹಗ್ಗ, ಪಕ್ಕದಲ್ಲಿ ಒಬ್ಬ ಕಾವಲಿನವರು ಬೇಕು. ಮಕ್ಕಳನ್ನು ಹತ್ತಿಸಬಾರದು, ಚೌಕಟ್ಟಿನ ಹೊಂದಿಕೆ ಒಂದಿಷ್ಟು ಕದಲಿದರೂ ಕುರ್ಚಿ ಬದಿಗೆ ಎಳೆಯುತ್ತದೆ. ‘ಒಮ್ಮೆ ಕೂತು ತೋರಿಸಿ’ ಎಂದು ವೇದಿಕೆಯಲ್ಲಿ ಕೇಳಲೂಬೇಡಿ. ಅನೇಕರು ಅದರಲ್ಲಿ ಕಾಲು ಮಡಿಸಿ ಮಂಡಿಯೂರಿದಂತೆ ಬಿಗಿಯಾಗಿ ಕೂರುತ್ತಾರೆ. ಹತ್ತಿ ಇಳಿಯಲು ಹೊತ್ತೂ ಏಕಾಂತವೂ ಬೇಕು.

ಆ ದಿನದ ಗಡಿಯಾರ

ಒಟ್ಟು ಕಾರ್ಯಕ್ರಮ 75 ನಿಮಿಷದೊಳಗಿರಲಿ, ಸನ್ಮಾನ ಮೊದಲ ಅರ್ಧ ಗಂಟೆಯಲ್ಲೇ ಆಗಲಿ. ಅತಿಥಿಗಳಿಗೆ ಮೂರು ನಿಮಿಷ, ಸಾಧಕರಿಗೆ ಅವರು ಕೇಳಿದಷ್ಟು. ಭಾಷಣಗಳು ಬೆಳೆದು ಎರಡೂವರೆ ಗಂಟೆಯಾದರೆ ಬೇಸರಕ್ಕಿಂತ ದೊಡ್ಡ ತೊಂದರೆಗಳಿವೆ. ಒಂದೇ ಭಂಗಿಯಲ್ಲಿ ಕುಳಿತರೆ ಒತ್ತಡದ ಹುಣ್ಣಾಗುತ್ತದೆ, ಅದಕ್ಕೇ ಅವರು ಆಗಾಗ ತೋಳೂರಿ ಮೈ ಎತ್ತುತ್ತಾರೆ. ಬೆನ್ನುಹುರಿಗೆ ಎತ್ತರದ ಮಟ್ಟದಲ್ಲಿ ಪೆಟ್ಟಾದವರ ಮೈ ಪೆಟ್ಟಿನ ಕೆಳಗೆ ಸರಿಯಾಗಿ ಬೆವರುವುದಿಲ್ಲ. ಬಿಸಿಲಲ್ಲಿ, ಬಿಸಿ ದೀಪಗಳ ಕೆಳಗೆ ಮೈಶಾಖ ಬೇಗ ಏರುತ್ತದೆ. ನೆರಳು, ಫ್ಯಾನು, ತಣ್ಣೀರು ಕೈಗೆಟುಕುವಂತಿರಲಿ.

ಬೆನ್ನೆಲುಬಿನಲ್ಲಿ ಎದೆಭಾಗದ ಆರನೇ ಮಣಿಯ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಲ್ಲಿ ಮೂತ್ರಕೋಶ ತುಂಬಿದ್ದು, ಬಟ್ಟೆ ಬಿಗಿಯಾದದ್ದು ಇಂಥ ಕಾರಣಕ್ಕೂ ರಕ್ತದೊತ್ತಡ ಹಠಾತ್ತನೆ ಏರಬಹುದು. ಅದನ್ನು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಸಿಡಿಯುವ ತಲೆನೋವು, ಕೆಂಪೇರಿದ ಮುಖ, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು ಅದರ ಲಕ್ಷಣ. ಆಗ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬಿಗಿಯಾದದ್ದನ್ನು ಸಡಿಲಿಸಿ, ಶೌಚಾಲಯಕ್ಕೆ ದಾರಿ ಮಾಡಿಕೊಟ್ಟು, ವೈದ್ಯರನ್ನು ತಕ್ಷಣ ಕರೆಸಿ. ಸಾಧಕರು ಮತ್ತು ಜೊತೆಗಾರರಿಗೆ ಇದರ ನಿರ್ವಹಣೆ ಗೊತ್ತಿರುತ್ತದೆ, ಅವರು ಹೇಳಿದಂತೆ ನಡೆಯಿರಿ. ಕಾರ್ಯಕ್ರಮದ ನಡುವೆ ಅವರು ಹೊರಹೋಗುವ ಸನ್ನೆ ಮಾಡಿದರೆ ನಿರೂಪಕರು ಮಾತು ತುಂಬಿಸಿ ಮುಂದುವರಿಸಬೇಕು, ಮೈಕಿನಲ್ಲಿ ಕಾರಣ ಹೇಳಬಾರದು. ವೀಲ್‌ಚೇರ್ ಒಳಹೋಗುವ ಶೌಚಾಲಯದಲ್ಲಿ ಮುರಿದ ಕುರ್ಚಿ, ಬಕೆಟ್ಟು ತುಂಬಿಟ್ಟಿಲ್ಲವೇ ಎಂದು ಬೆಳಗ್ಗೆಯೇ ನೋಡಿ, ಕೀಲಿ ಯಾರ ಬಳಿ ಇದೆ ಎಂಬುದನ್ನೂ ತಿಳಿದಿರಿ.

ಕಾರ್ಯಕರ್ತರಿಗೆ ಒಂದೇ ನಿಯಮ: ಕೇಳದೆ ಕುರ್ಚಿ ಮುಟ್ಟಬಾರದು, ತಳ್ಳಬಾರದು, ಅದರ ಹಿಡಿಗೆ ಚೀಲ ನೇತುಹಾಕಬಾರದು. ಪ್ರಶ್ನೆಯನ್ನು ಜೊತೆಗಾರರಿಗಲ್ಲ, ಸಾಧಕರಿಗೇ ಕೇಳಬೇಕು. ಸಭಿಕರಲ್ಲೂ ವೀಲ್‌ಚೇರ್ ಬಳಸುವವರು ಬರುತ್ತಾರೆ. ಬೇರೆ ಬೇರೆ ಸಾಲುಗಳಲ್ಲಿ 90×130 ಸೆಂ.ಮೀ. ಖಾಲಿ ಜಾಗಗಳನ್ನು ಬಿಡಿ, ಪಕ್ಕದಲ್ಲೇ ಜೊತೆಗಾರರಿಗೆ ಆಸನವಿರಲಿ. ಎಲ್ಲರನ್ನೂ ಒಯ್ದು ಬಾಗಿಲ ಬಳಿ ಒಂದೇ ಮೂಲೆಗೆ ಕೂರಿಸಬೇಡಿ.

ಸಮಾರಂಭದ ಆಚೆಗೆ

1975ರಲ್ಲಿ ಬಾಬ್ ಹಾಲ್ ವೀಲ್‌ಚೇರ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ಗೆ ಇಳಿಯಲು ಕೇಳಿದಾಗ, ಮೂರು ಗಂಟೆಯೊಳಗೆ ಮುಗಿಸಿದರೆ ಉಳಿದವರಿಗೆ ಕೊಡುವ ಪ್ರಮಾಣಪತ್ರವನ್ನೇ ಕೊಡುವುದಾಗಿ ನಿರ್ದೇಶಕರು ಮಾತು ಕೊಟ್ಟರು. ಹಾಲ್ 2 ಗಂಟೆ 58 ನಿಮಿಷದಲ್ಲಿ ಮುಗಿಸಿದರು. ಅವರು ಬಯಸಿದ್ದು ವಿಶೇಷ ಪದಕವನ್ನಲ್ಲ, ಅದೇ ಕಾಗದವನ್ನು. ನಿಮ್ಮ ಕ್ಲಬ್ಬು, ಶಾಲೆ, ಕ್ರೀಡಾಂಗಣದ ದಾಖಲೆ ಫಲಕದಲ್ಲಿ ವೀಲ್‌ಚೇರ್ ವಿಭಾಗದ ದಾಖಲೆಗಳು ಉಳಿದವುಗಳ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಬರಲಿ. ಫಲಕದ ಮಧ್ಯಭಾಗ ನೆಲದಿಂದ 120 ಸೆಂ.ಮೀ. ಎತ್ತರದಲ್ಲಿದ್ದರೆ ಕುಳಿತವರೂ ಓದಬಹುದು. ಟ್ರ್ಯಾಕಿನಲ್ಲಿ ವೀಲ್‌ಚೇರ್ ಅಭ್ಯಾಸಕ್ಕೆ ವಾರದ ನಿಗದಿತ ಹೊತ್ತು ಕಾದಿರಿಸಿ, ಸಾಧಕರು ಒಪ್ಪಿದರೆ ಅದಕ್ಕೆ ಅವರ ಹೆಸರಿಡಿ. ವೇಗದ ಕುರ್ಚಿಗಳಿರುವ ಟ್ರ್ಯಾಕಿನಲ್ಲಿ ಅದೇ ಹೊತ್ತಿಗೆ ನಡಿಗೆಗೆ ಬಂದವರನ್ನು ಬಿಡಬಾರದು.

ಒಂದು ವಾರದೊಳಗೆ ಹಣ ಅವರ ಖಾತೆಗೆ ಸೇರಿರಬೇಕು. ಚಿತ್ರಗಳು ಮತ್ತು ಅಭಿನಂದನಾ ಪತ್ರದ ಅಚ್ಚುಪ್ರತಿ ಕೈಸೇರಿರಬೇಕು. ಪತ್ರಿಕೆಗಳಿಗೆ ಕಳಿಸುವ ವರದಿಯಲ್ಲಿ ವರ್ಗ, ಸಮಯ, ಸ್ಥಾನ ಸರಿಯಾಗಿವೆಯೇ ಎಂದು ಸಾಧಕರಿಗೊಮ್ಮೆ ತೋರಿಸಿಯೇ ಕಳಿಸಿ. ತಪ್ಪು ಅಚ್ಚಾದರೆ ಮರುದಿನವೇ ತಿದ್ದುಪಡಿ ಕೇಳಿ.